ಹತ್ತು ಸಾವಿರನೆಯ ಎದೆ

ಸರ್ಕಾರಿ ಕಡತದ ಪ್ರಕಾರ ನನ್ನ ಚಿಕ್ಕಪ್ಪನ ಎದೆಯನ್ನು ಗರಗಸದಿಂದ ಸೀಳಿ, ಹೃದಯದ ಕೆಟ್ಟ ಕವಾಟ ಕಿತ್ತು, ಹೊಸದನ್ನು ಕೂರಿಸಿ, ಮತ್ತೆ ಹೊಲಿದಿದ್ದಾರೆ. ಚಿಕ್ಕಪ್ಪ ಬಚ್ಚಲಿನಿಂದ ಹೊರಗೆ ಬರುವಾಗ ಆ ಎದೆಯನ್ನು ದಿನಾ ನೋಡುವವನು ನಾನು. ಅಲ್ಲಿರುವುದು ಒಂದಿಷ್ಟು ಕೂದಲು, ಒಂದು ಮಚ್ಚೆ, ಎಷ್ಟು ತಿಕ್ಕಿದರೂ ಹೋಗದ ಹಸಿರು ಬಣ್ಣದ ಒಂದು ಹನಿ, ಅಷ್ಟೇ. ಹಾಗಿದ್ದರೂ ಎದೆ ನಿಜ, ಕಡತ ಸುಳ್ಳು ಎಂದು ನಾವು ಯಾರ ಮುಂದೆಯೂ ಬಾಯಿ ಬಿಡುವ ಹಾಗಿಲ್ಲ.

ಚಿಕ್ಕಪ್ಪ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಊರಿನ ಬೋರ್ಡ್ ಬರೆಯುವವರೆಲ್ಲ ಬ್ರಷ್ ತೊಳೆದಿಟ್ಟು ಬೇರೆ ಕಸುಬು ಹಿಡಿದರು. ಇವನೊಬ್ಬ ಉಳಿದದ್ದು ಆಸ್ಪತ್ರೆಗಳಿಂದ. ಪ್ರತಿ ಖಾಸಗಿ ಆಸ್ಪತ್ರೆಯೂ ತನ್ನ ದರಗಳನ್ನು ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆಸಬೇಕೆಂದು ಸರ್ಕಾರ ನಿಯಮ ಮಾಡಿತ್ತು. ಬರೆಸಿ ಎಂದಿತೇ ಹೊರತು ಏರಿಸಬೇಡಿ ಎನ್ನಲಿಲ್ಲ. ಮೂರು ತಿಂಗಳಿಗೊಮ್ಮೆ ದರ ಏರುತ್ತಿತ್ತು. ಪ್ರತಿಸಲವೂ ಹೊಸ ಫ್ಲೆಕ್ಸ್ ಮಾಡಿಸುವ ಬದಲು ಅಂಕಿಯನ್ನಷ್ಟೇ ಅಳಿಸಿ ಬರೆಸುವುದು ಆಸ್ಪತ್ರೆಯವರಿಗೆ ಸುಲಭವಾಗಿತ್ತು. ಹೀಗೆ ಜನ ಯಾವುದರಿಂದ ನರಳುತ್ತಿದ್ದರೋ ಅದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಬೋರ್ಡಿನ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡುವವನು ನಾನು, ಆದ್ದರಿಂದ ಆ ಪಾಪದಲ್ಲಿ ನನಗೂ ಪಾಲಿದೆ.

ಈ ಕೆಲಸದಿಂದ ಚಿಕ್ಕಪ್ಪನಿಗೆ ಒಂದು ರೋಗ ಅಂಟಿತ್ತು. ಊರಿನ ಎಲ್ಲ ಚಿಕಿತ್ಸೆಗಳ ದರವೂ ಅವನಿಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಯಾರು ಕೆಮ್ಮಿದರೂ ಎಕ್ಸರೇ ದರ ಹೇಳುತ್ತಿದ್ದ. ಚಿಕ್ಕಮ್ಮ ಸೊಂಟ ಹಿಡಿದುಕೊಂಡರೆ ಮೊದಲು ಸ್ಕ್ಯಾನಿಂಗಿನದು, ಆಮೇಲೆ ಹಾಸಿಗೆ ಬಾಡಿಗೆ, ಕೊನೆಗೆ ಗಾಲಿ ಕುರ್ಚಿಯದು. ಅವನಿಗೆ ಸಾವಿನ ಭಯ ಅಷ್ಟಿರಲಿಲ್ಲ. ಸಾಯದೆ ಉಳಿದು ಬಿಲ್ಲು ನೋಡಬೇಕಾಗುತ್ತದಲ್ಲ, ಆ ಭಯ.

ಭಯಕ್ಕೆ ತಕ್ಕ ಕಾರಣವೂ ಮನೆಯಲ್ಲೇ ಇತ್ತು. ನನ್ನ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಬಡಗಿ. ಬಾಗಿಲನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದವನು, ಆ ವರ್ಷ ನಮ್ಮ ವಠಾರದ ಹನ್ನೆರಡು ಮೆಟ್ಟಿಲಲ್ಲಿ ಐದು ಹತ್ತಿ ಕೂತುಬಿಡುತ್ತಿದ್ದ. ತುಟಿ ನೀಲಿಯಾಗುತ್ತಿತ್ತು. ದೊಡ್ಡಾಸ್ಪತ್ರೆಯ ಸರ್ಜನ್ ಪರೀಕ್ಷೆ ಮಾಡಿ, ಕವಾಟ ಬದಲಿಸಬೇಕು, ಎರಡು ತಿಂಗಳೊಳಗೆ ಬದಲಿಸದಿದ್ದರೆ ನನ್ನ ಹತ್ತಿರ ಕರೆತರಬೇಡಿ ಎಂದಿದ್ದರು. ಹೊರಗೆ ಖಾಸಗಿಯಲ್ಲಿ ಮಾಡಿಸುವುದಕ್ಕೆ ಎಷ್ಟಾಗುತ್ತದೆಂದು ಯಾರೂ ಕೇಳಲಿಲ್ಲ. ಆ ಅಂಕಿಯನ್ನು ಹೋದ ತಿಂಗಳಷ್ಟೇ ಚಿಕ್ಕಪ್ಪ ಕೆಂಪು ಬಣ್ಣದಲ್ಲಿ ತಿದ್ದಿ ಬಂದಿದ್ದ.

ಉಳಿದದ್ದು ಸರ್ಕಾರದ ಆರೋಗ್ಯ ಕಾರ್ಡ್. ನಮ್ಮ ಕೂಡು ಕುಟುಂಬಕ್ಕೆ ಒಂದೇ ಕಾರ್ಡ್. ಕಾರ್ಡೊಂದಕ್ಕೆ ವರ್ಷಕ್ಕೆ ಒಂದು ದೊಡ್ಡ ಆಪರೇಷನ್ ಪುಕ್ಕಟೆ. ಅಪ್ಪನ ಹೆಸರಲ್ಲಿ ಅರ್ಜಿ ಹಾಕಿ, ಮಂಜೂರಾತಿ ಪತ್ರಕ್ಕೆ ಕಾಯುತ್ತಿದ್ದೆವು. ಅರ್ಜಿ ತುಂಬಿದವನು ಚಿಕ್ಕಪ್ಪ. ಮೂರು ಸಲ ತಪ್ಪು ಬರೆದು ನಾಲ್ಕನೆಯ ಸಲಕ್ಕೆ ಸರಿ ಮಾಡಿದ್ದರಿಂದ ಕಾರ್ಡಿನ ಹನ್ನೆರಡು ಅಂಕಿ ಅವನ ನಾಲಿಗೆಯ ಮೇಲೇ ಇದ್ದವು.

ಅಷ್ಟರಲ್ಲಿ ಊರಲ್ಲಿ ದೊಡ್ಡ ಚರ್ಚೆ ಎದ್ದಿತು. ಖಾಸಗಿ ಆಸ್ಪತ್ರೆಗಳ ದರಕ್ಕೆ ಸರ್ಕಾರ ಮಿತಿ ಹಾಕಬೇಕೇ ಬೇಡವೇ, ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಹೊರಬೇಕೇ ಎಂದು ಜನರನ್ನು ಕೇಳಲು ಮಂತ್ರಿಗಳೇ ಬರುವವರಿದ್ದರು. ಕಾರ್ಡಿನ ಯೋಜನೆಯಲ್ಲಿ ಹತ್ತು ಸಾವಿರನೆಯ ರೋಗಿಗೆ ಅದೇ ವೇದಿಕೆಯಲ್ಲಿ ಸನ್ಮಾನ. ಸರ್ಕಾರಿ ಸಭೆಗೆ ಪ್ಲಾಸ್ಟಿಕ್ ನಿಷೇಧವಾದ್ದರಿಂದ ಬಾಗಿಲಗಲದ ತಗಡಿನ ಬೋರ್ಡ್ ಬರೆಯುವ ಕೆಲಸ ಚಿಕ್ಕಪ್ಪನಿಗೆ ಬಂತು. ‘ಹತ್ತು ಸಾವಿರನೆಯ ಫಲಾನುಭವಿ’, ಕೆಳಗೆ ಹೆಸರು, ಅದರ ಕೆಳಗೆ ಕಾರ್ಡಿನ ಸಂಖ್ಯೆ, ಕೊನೆಗೆ ‘ಹೃದಯ ಶಸ್ತ್ರಚಿಕಿತ್ಸೆ, ಖರ್ಚು: ಸೊನ್ನೆ’.

ಹೆಸರಿನ ಜಾಗ ಮಾತ್ರ ಖಾಲಿ. ಒಂದು ಪೈಸೆಯೂ ಕೊಡದೆ ಗುಣವಾದ ರೋಗಿಯನ್ನು ಯೋಜನಾಧಿಕಾರಿ ಹದಿನೈದು ದಿನದಿಂದ ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. ಪ್ರತಿಯೊಬ್ಬನೂ ಹೊರಗಿನ ಔಷಧಿಗೋ, ರಕ್ತಕ್ಕೋ, ಬಾಗಿಲು ತೆಗೆಯುವವನಿಗೋ ಏನಾದರೂ ಕೊಟ್ಟೇ ಇದ್ದ. ಹೆಸರು ಸಭೆಯ ದಿನ ಬೆಳಿಗ್ಗೆ ಹೇಳುತ್ತೇನೆ, ಉಳಿದದ್ದು ಬರೆದಿಡಿ ಎಂದು ಹೇಳಿ ಕಳಿಸಿದ್ದರು.

ಬೋರ್ಡ್ ಬರೆಯುವುದರಲ್ಲಿ ಚಿಕ್ಕಪ್ಪನದೊಂದು ಪದ್ಧತಿ. ಹೆಸರಿನ ಜಾಗ ಖಾಲಿ ಇದ್ದರೆ ಅಕ್ಷರದ ಅಳತೆ, ನಡುವಿನ ಅಂತರ ಸಿಕ್ಕುವುದಿಲ್ಲವೆಂದು ತನ್ನ ಹೆಸರನ್ನೇ ಸೀಮೆಸುಣ್ಣದಲ್ಲಿ ಬರೆದು ನೋಡುವುದು, ಆಮೇಲೆ ಒರೆಸುವುದು. ಇಪ್ಪತ್ತೈದು ವರ್ಷದಲ್ಲಿ ಡಾಕ್ಟರ ಹೆಸರಿನ ಜಾಗದಲ್ಲೂ ವಕೀಲರ ಹೆಸರಿನ ಜಾಗದಲ್ಲೂ ಒಂದೊಂದು ಗಂಟೆ ಬಾಳಿ ಅಳಿದುಹೋದ ಹೆಸರು ಅದು. ಸಭೆಯ ದಿನ ಬೆಳಿಗ್ಗೆ ಹೆಸರಿಗೆ ಕಾಯುತ್ತ ಅಳತೆ ನೋಡುವಾಗ ತಗಡು ನುಣುಪಾಗಿ ಸೀಮೆಸುಣ್ಣ ಜಾರುತ್ತಿತ್ತಂತೆ. ಬಣ್ಣದಲ್ಲೇ ಬರೆದ. ಹಳದಿ ಅಂಚು ಕಟ್ಟಿದ. ಅಂಚು ಕಟ್ಟಿದ ಮೇಲೆ ನೆರಳನ್ನೂ ಕೊಟ್ಟ. ಕೆಳಗೆ ಬಾಯಿಗೆ ಬಂದ ಹನ್ನೆರಡು ಅಂಕಿ. ಸೀಮೆಎಣ್ಣೆಯ ಬಟ್ಟೆಯಲ್ಲಿ ಎರಡು ನಿಮಿಷದಲ್ಲಿ ಒರೆಸಬಹುದು, ಸ್ವಲ್ಪ ದೂರದಿಂದ ಹೇಗೆ ಕಾಣುತ್ತದೋ ನೋಡೋಣವೆಂದು ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಕೂತ. ಟೀ ಮುಗಿಯುವಷ್ಟರಲ್ಲಿ ಸಭೆಯವರ ಲಾರಿ ಬಂದು ಬೋರ್ಡ್ ಹೊತ್ತುಕೊಂಡು ಹೋಗಿತ್ತು.

ಅವನು ಸೀಮೆಎಣ್ಣೆಯ ಬಟ್ಟೆ ಹಿಡಿದು ಓಡಿದ. ಹಿಂದೆ ನಾನು. ಸಭಾಂಗಣದಲ್ಲಿ ಬೋರ್ಡ್ ಆಗಲೇ ವೇದಿಕೆ ಏರಿತ್ತು. ಹೆಸರು ಮೇಲಿನ ಕಚೇರಿಯಿಂದ ಬಂದಿರಬೇಕೆಂದು ಯೋಜನಾಧಿಕಾರಿ ತಿಳಿದರು. ಯೋಜನಾಧಿಕಾರಿ ಹುಡುಕಿರಬೇಕೆಂದು ಮೇಲಿನ ಕಚೇರಿ ತಿಳಿಯಿತು. ನರ್ಸಿಂಗ್ ಹೋಮಿನ ಒಡೆಯರೊಬ್ಬರು ಮೈಕ್ ಹಿಡಿದು, ಸರ್ಕಾರ ದರ ಕಟ್ಟಿಹಾಕಿದರೆ ನಾವು ನಾಳೆಯೇ ಬೀಗ ಹಾಕುತ್ತೇವೆ, ಯಂತ್ರದ ಸಾಲ ಯಾರು ತೀರಿಸುತ್ತಾರೆ ಎಂದು ಕೇಳಿ, ವೇದಿಕೆ ಇಳಿದು ಹೊರಟುಹೋದರು. ಜನ ಚಪ್ಪಾಳೆ ತಟ್ಟಿದರು. ಮಂತ್ರಿಗಳು, ಪುಕ್ಕಟೆ ಕೊಡುವುದು ನಮ್ಮ ಧರ್ಮ ಎಂದರು. ಜನ ಅದಕ್ಕೂ ತಟ್ಟಿದರು. ನನಗೆ ಮೈ ಉರಿಯುತ್ತಿತ್ತು. ಇಬ್ಬರೂ ನನ್ನಪ್ಪನ ವಿಷಯವನ್ನೇ ಮಾತಾಡುತ್ತಿದ್ದರು, ಅಪ್ಪ ಮಾತ್ರ ಮನೆಯಲ್ಲಿ ಐದನೆಯ ಮೆಟ್ಟಿಲ ಮೇಲೆ ಕೂತಿದ್ದ.

ಆಮೇಲೆ ಚಿಕ್ಕಪ್ಪನ ಹೆಸರು ಕೂಗಿದರು. ಬೋರ್ಡ್ ಒರೆಸಲು ಮೆಟ್ಟಿಲ ಬಳಿ ಕಾದಿದ್ದವನನ್ನು ಇಬ್ಬರು ಪೊಲೀಸರು ಗೌರವದಿಂದ ಎತ್ತಿ ಮೇಲೆ ನಿಲ್ಲಿಸಿದರು. ಬೆವರಿದ ಮುಖವನ್ನು ಅವನು ಕೈಯಲ್ಲಿದ್ದ ಬಟ್ಟೆಯಿಂದಲೇ ಒರೆಸಿಕೊಂಡ. ಸೀಮೆಎಣ್ಣೆ ಕಣ್ಣಿಗೆ ಹೋಗಿ ನೀರು ಧಾರಾಕಾರ. ಮೊದಲ ಸಾಲಿನ ಹೆಂಗಸರೂ ಕಣ್ಣೊರೆಸಿಕೊಂಡರು. ಈಗ ಹೇಗಿದ್ದೀರಿ ಎಂದು ಮಂತ್ರಿಗಳು ಕೇಳಿದರು. ಚೆನ್ನಾಗಿದ್ದೇನೆ ಎಂದ. ಎಷ್ಟು ಖರ್ಚಾಯಿತು ಎಂದರು. ಏನೂ ಆಗಿಲ್ಲ ಎಂದ. ಒಂದೂ ಸುಳ್ಳಲ್ಲ. ಹದಿನೈದು ದಿನದಿಂದ ಹುಡುಕುತ್ತಿದ್ದ ಮನುಷ್ಯ ಕೊನೆಗೂ ಸಿಕ್ಕನೆಂದು ಯೋಜನಾಧಿಕಾರಿ ಅಲ್ಲಿಯೇ ಕುರ್ಚಿಗೊರಗಿ ಸಮಾಧಾನದ ಉಸಿರು ಬಿಟ್ಟರು. ಮಾರನೆಯ ದಿನ ಬೋರ್ಡಿನಲ್ಲಿದ್ದಂತೆಯೇ ಕಂಪ್ಯೂಟರಿಗೂ ಏರಿಸಿದರು.

ವಠಾರ ತುಂಬಿಕೊಂಡಿತು. ಸೇಬು ಬಂತು, ಮೂಸಂಬಿ ಬಂತು. ಚಿಕ್ಕಪ್ಪ ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂತ. ಅದೇ ದೊಡ್ಡ ಸಾಕ್ಷಿಯಾಯಿತು. ಪಕ್ಕದ ಮನೆಯ ಟೈಲರಮ್ಮ ಕಸುಬಿನ ಕುತೂಹಲದಿಂದ, ಹೊಲಿಗೆ ನೇರ ಬಿದ್ದಿದೆಯೋ ಸೊಟ್ಟಗೋ ತೋರಿಸಿ ಎಂದು ಕಾಡಿದಳು. ಮೇಲಿನ ಮನೆಯ ರಿಟೈರಾದ ಪೋಸ್ಟ್ ಮಾಸ್ಟರು ನನ್ನ ತೆರಿಗೆಯಲ್ಲಿ ನಿಮ್ಮ ಎದೆ ರಿಪೇರಿಯಾಗಿದೆ ಎಂದು ನೆನಪಿಸಿ, ತಮ್ಮ ಪಾಲಿನ ಎದೆ ಕ್ಷೇಮವಾಗಿದೆಯೇ ಎಂದು ದಿನಾ ವಿಚಾರಿಸತೊಡಗಿದರು. ಚಿಕ್ಕಮ್ಮ ಒಳಗೆ ಕರೆದೊಯ್ದು ಅಂಗಿ ಬಿಚ್ಚಿಸಿ ಪೂರ್ತಿ ತಪಾಸಣೆ ಮಾಡಿದಳು. ಗಾಯ ಸಿಗಲಿಲ್ಲ. ಹಾಗಂತ ಅವಳ ಅನುಮಾನ ಹೋಗಲೂ ಇಲ್ಲ. ಈಗೀಗ ಗುರುತು ಕಾಣದ ಹಾಗೂ ಮಾಡುತ್ತಾರಂತೆ, ಮಂತ್ರಿಗಳು ಸುಮ್ಮನೆ ಹೇಳುತ್ತಾರೆಯೇ ಎಂದು ಅಮ್ಮನ ಕಿವಿಯಲ್ಲಿ ಹೇಳಿದಳಂತೆ.

ಅರ್ಧ ದಿನ ಚಿಕ್ಕಪ್ಪ ನಿಜ ಹೇಳಲು ಒದ್ದಾಡಿದ. ಮಿಕ್ಕ ಮೂರು ದಿನ ಅವನಿಗೆ ಅದು ಹಿತವಾಯಿತು. ನಿಧಾನವಾಗಿ ನಡೆದ. ಯಾರಾದರೂ ಕುರ್ಚಿ ಕೊಟ್ಟರೆ ಬೇಡವೆನ್ನಲಿಲ್ಲ. ನಾಲ್ಕನೆಯ ದಿನ ಪತ್ರ ಬಂತು.

ಓದಿದವನು ನಾನು. ‘ಈ ಕಾರ್ಡಿನಲ್ಲಿ ಪ್ರಸಕ್ತ ವರ್ಷದ ಹೃದಯ ಶಸ್ತ್ರಚಿಕಿತ್ಸೆ ಪೂರ್ಣಗೊಂಡಿದ್ದು, ರೋಗಿಯು ಗುಣಮುಖನಾಗಿರುತ್ತಾನೆ. ಆದ್ದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ಅಪ್ಪ ಇನ್ನೊಂದು ಸಲ ಓದಿಸಿದ. ಚಿಕ್ಕಪ್ಪನ ಕೈಯಲ್ಲಿ ಅರ್ಧ ಸುಲಿದ ಮೂಸಂಬಿ ಹಾಗೇ ಉಳಿಯಿತು. ಎಕ್ಸರೇಯಿಂದ ಹಿಡಿದು ಹೆಣ ಸಾಗಿಸುವವರೆಗಿನ ದರ ಗೊತ್ತಿದ್ದವನ ಬಾಯಿಂದ ಒಂದು ಅಂಕಿಯೂ ಹೊರಡಲಿಲ್ಲ. ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಐದು ವಾರ ಕಳೆದಿತ್ತು.

ಅಪ್ಪ ತಮ್ಮನನ್ನು ನೋಡಿ ಕೇಳಿದ್ದು ಒಂದೇ ಮಾತು: “ಹೆಸರು ಚೆನ್ನಾಗಿ ಕೂತಿತ್ತೇನೋ ಬೋರ್ಡಲ್ಲಿ?”

ನಾನು ಚಿಕ್ಕಪ್ಪನ ಕಾಲರ್ ಹಿಡಿದು ಯೋಜನಾಧಿಕಾರಿಯ ಕಚೇರಿಗೆ ಎಳೆದುಕೊಂಡು ಹೋದೆ. ದಾರಿಯಲ್ಲಿ ಸಿಕ್ಕವರು, ಹಾರ್ಟ್ ಪೇಷೆಂಟನ್ನು ಹೀಗಾ ಎಳೆಯುವುದು ಎಂದು ನನಗೆ ಬೈದರು.

ಯೋಜನಾಧಿಕಾರಿಯ ಮುಂದೆ ನಾಲ್ಕು ಬಗೆಯ ಮಾತ್ರೆಗಳಿದ್ದವು, ನಾಲ್ಕೂ ಅವರವೇ. ನಡೆದದ್ದನ್ನೆಲ್ಲ ಹೇಳಿದೆವು. ಅವರು ಎದ್ದು ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿ, ಫ್ಯಾನು ಜೋರು ಮಾಡಿ ಕೂತರು. ಮಂತ್ರಿಗಳು ಚಿಕ್ಕಪ್ಪನ ಕಥೆಯನ್ನು ಆಗಲೇ ಆರು ಸಭೆಯಲ್ಲಿ ಹೇಳಿದ್ದರಂತೆ. ಸಭೆಯಿಂದ ಸಭೆಗೆ ಚಿಕ್ಕಪ್ಪನ ವಯಸ್ಸು ಇಳಿದು ಕಾಯಿಲೆ ಏರಿತ್ತು. ಇನ್ನೊಂದು ಕಡೆ ನರ್ಸಿಂಗ್ ಹೋಮಿನ ಒಡೆಯರು, ಈ ಹೆಸರಿನವನು ನಮ್ಮ ದರದ ಬೋರ್ಡಿನ ಮೂಲೆಯಲ್ಲಿ ಸಹಿ ಹಾಕಿದ್ದಾನೆ, ಏಣಿ ಹತ್ತಿ ಓಡಾಡುತ್ತಿದ್ದಾನೆ, ಎದೆ ಕೊಯ್ದಿರುವುದೇ ಸುಳ್ಳು ಎಂದು ದೂರು ಕೊಟ್ಟಿದ್ದರು. ನಿವೃತ್ತ ನ್ಯಾಯಾಧೀಶರ ಸಮಿತಿ ಮುಂದಿನ ಗುರುವಾರ ಖುದ್ದಾಗಿ ಬಂದು ಎದೆ ಪರಿಶೀಲಿಸಲಿತ್ತು. ಗಾಯ ಇಲ್ಲದಿದ್ದರೆ ಯೋಜನೆಯೇ ನಿಲ್ಲುತ್ತದೆ, ಅಧಿಕಾರಿ ಜೈಲಿಗೆ, ಹಿಂದೆಯೇ ನಾವು.

ಚಿಕ್ಕಪ್ಪ, ನನ್ನ ಹೆಸರು ಅಳಿಸಿಬಿಡಿ ಸಾರ್, ಬೇಕಾದರೆ ನಾನೇ ಬಟ್ಟೆ ತಂದು ಒರೆಸುತ್ತೇನೆ ಎಂದ. ಅಧಿಕಾರಿ ಅವನ ಎದೆಯನ್ನೇ ನೋಡುತ್ತಿದ್ದರು, ಬಡಗಿ ಹಲಗೆ ನೋಡುವ ಹಾಗೆ.

“ದಾಖಲೆ ಮುಂದೆ ಹೋಗಿಬಿಟ್ಟಿದೆ, ದೇಹ ಹಿಂದೆ ಉಳಿದಿದೆ,” ಎಂದರು ಮೆಲ್ಲಗೆ. “ಈಗ ದೇಹಾನ ದಾಖಲೆ ಹತ್ತಿರ ತರಬೇಕು, ಅಷ್ಟೇ ಕೆಲಸ. ಸೋಮವಾರ ಅಡ್ಮಿಟ್ ಆಗಿಬಿಡಿ.”

ಚಿಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕುರ್ಚಿಯಿಂದ ಕೆಳಗೆ ಜಾರಿದ. ಅಧಿಕಾರಿ ನೀರು ಚಿಮುಕಿಸುತ್ತ, ನೋಡಿ, ಲಕ್ಷಣಗಳೂ ಶುರುವಾಗಿವೆ ಎಂದು ನನಗೆ ಧೈರ್ಯ ಹೇಳಿದರು. ಒಳ್ಳೆಯ ಎದೆಯನ್ನು ಕೊಯ್ಯುವುದು, ಕೆಟ್ಟ ಎದೆಯನ್ನು ಮನೆಗೆ ಕಳಿಸುವುದು. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಇಷ್ಟು ದೊಡ್ಡ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಮೇಜು ಗುದ್ದಿದೆ. ಮಾತ್ರೆಗಳು ಚೆಲ್ಲಾಪಿಲ್ಲಿಯಾದವು.

“ನಿಮಗೆ ಕೊಯ್ಯೋದಕ್ಕೆ ಒಂದು ಎದೆ ಬೇಕು, ಅಷ್ಟೇ ತಾನೆ? ನಮ್ಮನೇಲಿ ಇನ್ನೊಂದಿದೆ. ಅದನ್ನ ಕೊಯ್ಯಿರಿ.”

ಸಿಟ್ಟಿನಲ್ಲಿ ಬಂದ ಮಾತು. ಅಧಿಕಾರಿ ಮಾತ್ರೆ ಹೆಕ್ಕುತ್ತಿದ್ದವರು ಹಾಗೇ ನಿಂತರು. ಅಣ್ಣತಮ್ಮಂದಿರು ನೋಡಲು ಒಂದೇ ಥರ ಇದ್ದಾರೆಯೇ ಎಂದು ಕೇಳಿದರು. ಮೂಗು ಒಂದೇ, ಕೂದಲು ಒಂದೇ ಎಂದೆ. ದೂರು ಕೊಟ್ಟವರು ಚಿಕ್ಕಪ್ಪನನ್ನು ಹತ್ತಿರದಿಂದ ನೋಡಿದ್ದಾರೆಯೇ ಎಂದರು. ಒಡೆಯರು ಅವನನ್ನು ನೋಡುತ್ತಿದ್ದುದು ಯಾವಾಗಲೂ ಏಣಿಯ ಕೆಳಗಿನಿಂದ. ಅವರಿಗೆ ಪರಿಚಯವಿದ್ದದ್ದು ಅಂಗಾಲು ಮಾತ್ರ. ಅಧಿಕಾರಿ ಎರಡು ಮಾತ್ರೆ ಒಟ್ಟಿಗೆ ನುಂಗಿದರು. ಹಾಗಾದರೆ ನಿಮ್ಮ ತಂದೆ ನಿಮ್ಮ ಚಿಕ್ಕಪ್ಪನಾಗಿ ಬರಲಿ ಎಂದರು. ಗಾಯ ತೀರ ಹೊಸದಾಗಿರುತ್ತದಲ್ಲ ಎಂದು ಚಿಕ್ಕಪ್ಪ ನೆಲದಿಂದಲೇ ಸಂದೇಹ ಎತ್ತಿದ. ಸಮಿತಿ ಕೇಳಿರುವುದು ಗಾಯ ಇದೆಯೋ ಇಲ್ಲವೋ ಎಂದು, ಎಷ್ಟು ದಿನದ್ದು ಎಂದು ಕೇಳಿಲ್ಲ ಎಂದರು ಅಧಿಕಾರಿ.

ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. ಸಾಯುವುದಾದರೆ ನನ್ನ ಹೆಸರಿನಲ್ಲಿ ಸಾಯುತ್ತೇನೆ, ತಮ್ಮನ ಹೆಸರಿನಲ್ಲಿ ಬದುಕುವುದು ಬೇಡ ಎಂದ. ನಲವತ್ತು ವರ್ಷ ಅಳತೆಯಲ್ಲಿ ಒಂದು ನೂಲು ಮೋಸ ಮಾಡದವನಿಗೆ ಮೋಸದ ಕವಾಟ ಬೇಡವಾಗಿತ್ತು. ಆಕ್ಷೇಪ ಅಲ್ಲಿಗೆ ನಿಲ್ಲಲಿಲ್ಲ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಭಾವನಿಗೆ ಏನಾದ್ರೂ ಆಯ್ತು ಅಂದ್ಕೊಳ್ಳಿ. ಕಾಗದದ ಮೇಲೆ ವಿಧವೆ ಆಗೋದು ನಾನು. ಇವರು ಇಲ್ಲೇ ಕೂತು ಇನ್ನೊಂದು ತುತ್ತು ಬಡಿಸು ಅಂತಿರ್ತಾರೆ. ನಾನು ಬಡಿಸ್ಲೋ ಅಳ್ಲೋ?”

ಚಿಕ್ಕಪ್ಪ, ಮೊದಲು ಬಡಿಸು ಎಂದ. ಅಮ್ಮ ಇಷ್ಟು ಹೊತ್ತೂ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತದೆ ಅಪ್ಪನನ್ನು ಕೇಳಿದಳು, ಇವತ್ತು ಎಷ್ಟು ಮೆಟ್ಟಿಲಾಯಿತು ಎಂದು. ಅಪ್ಪ ಮೂರು ಎಂದ. ಮಡಚಿದ ಬಟ್ಟೆಗಳಲ್ಲಿ ಅವನ ಎರಡು ಅಂಗಿಗಳನ್ನು ಎತ್ತಿ ಅಮ್ಮ ಚೀಲಕ್ಕೆ ಹಾಕಿದಳು. ಅಲ್ಲಿಗೆ ತೀರ್ಮಾನವಾಯಿತು.

ಎರಡು ದಿನ ಅಪ್ಪನಿಗೆ ಪಾಠ. ನಾವು ಚಿಕ್ಕಪ್ಪನ ಹೆಸರು ಕೂಗುವುದು, ಅವನು ಓಗೊಡುವುದು. ಪ್ರತಿಸಲವೂ ಅಪ್ಪ ಹಿಂದೆ ತಿರುಗಿ ತಮ್ಮನನ್ನು ಹುಡುಕುತ್ತಿದ್ದ. ತಮ್ಮನೂ ಅಭ್ಯಾಸಬಲದಿಂದ ಆಚೆ ಕೋಣೆಯಿಂದ ಬಂದೆ ಎನ್ನುತ್ತಿದ್ದ.

ಸೋಮವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಸರ್ಜನ್ ಅಪ್ಪನ ಎದೆಗೆ ಕಿವಿಗೊಟ್ಟು ಕೇಳಿದರು. ಫೈಲಿನ ಮೇಲಿದ್ದ ಹೆಸರು ನೋಡಿದರು. ಮತ್ತೆ ಎದೆಯನ್ನು ಕೇಳಿದರು. ನನಗೆ ಈ ಶಬ್ದದ ಗುರುತಿದೆ, ಹೆಸರುಗಳನ್ನು ನಾನು ನೆನಪಿಡುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಹೆಂಡತಿ ಸಹಿ ಹಾಕಬೇಕು ಬನ್ನಿ ಎಂದು ನರ್ಸ್ ಕರೆದಾಗ ಅಮ್ಮ, ಚಿಕ್ಕಮ್ಮ ಇಬ್ಬರೂ ಎದ್ದರು. ನರ್ಸ್ ಇಬ್ಬರನ್ನೂ ನೋಡಿದಳು. ಅಮ್ಮ ಕೂತಳು. ನೀವು ಏನಾಗಬೇಕು ಎಂದರೆ, ಅತ್ತಿಗೆ ಎಂದಳು. ಜೀವ ಹೋದರೆ ಆಸ್ಪತ್ರೆ ಹೊಣೆಯಲ್ಲ ಎಂಬ ಕಾಗದಕ್ಕೆ ಚಿಕ್ಕಮ್ಮ ಸಹಿ ಮಾಡಿದಳು.

ಆರು ಗಂಟೆ ಕಾದೆವು. ಬಾಗಿಲು ತೆರೆದಾಗಲೆಲ್ಲ ನಾವು ನಾಲ್ವರೂ ತಲೆಯೆತ್ತುತ್ತಿದ್ದೆವು, ಮನೆಯ ಐದನೆಯವನು ಒಳಗಿದ್ದ. ಕೊನೆಗೆ ಸರ್ಜನ್ ಹೊರಗೆ ಬಂದು, ಕೆಲಸ ಚೆನ್ನಾಗಿ ಆಗಿದೆ ಎಂದರು. ಆ ಸಂಜೆಯೇ ಅವರು ವಾರದ ಮಟ್ಟಿಗೆ ಪಕ್ಕದ ಊರಿನ ಆಸ್ಪತ್ರೆಗೆ ಹೋದರು.

ಗಂಡಾಂತರ ಶುರುವಾದದ್ದು ಮಂಗಳವಾರ, ಅಪ್ಪನಿಗೆ ಎಚ್ಚರವಾದ ಮೇಲೆ.

ನಿಗಾ ಘಟಕದ ಡಾಕ್ಟರಮ್ಮ ಎಳೆಯ ವಯಸ್ಸಿನವರು, ಬಲು ಜಾಗರೂಕರು. ಅಮಲು ಇಳಿದ ರೋಗಿಗೆ ಪ್ರಜ್ಞೆ ಸರಿಯಾಗಿ ಬಂದಿದೆಯೇ ತಿಳಿಯಲು ಮೊದಲು ಹೆಸರು ಕೇಳುವುದು ಅಲ್ಲಿನ ಕ್ರಮವಂತೆ. ಕೇಳಿದರು. ಅಪ್ಪ ತನ್ನ ಹೆಸರು ಹೇಳಿದ. ಎರಡು ದಿನದ ಪಾಠ ಅರಿವಳಿಕೆ ಮದ್ದಿನಲ್ಲಿ ತೊಳೆದುಹೋಗಿತ್ತು. ಡಾಕ್ಟರಮ್ಮ ಫೈಲಿನಲ್ಲಿದ್ದ ಮನೆಯವರ ಕಾರ್ಡ್ ನೋಡಿ, ಅದು ನಿಮ್ಮ ಅಣ್ಣನ ಹೆಸರು, ನಿಮ್ಮ ಹೆಸರು ಹೇಳಿ ಎಂದರು. ಅಪ್ಪ ಮತ್ತೆ ಅದನ್ನೇ ಹೇಳಿದ. ಹೆಂಡತಿ ಎಲ್ಲಿದ್ದಾರೆ ತೋರಿಸಿ ಎಂದರು. ಗಾಜಿನಾಚೆ ನಿಂತಿದ್ದ ಅಮ್ಮನತ್ತ ಬೆರಳು ಮಾಡಿದ.

ಡಾಕ್ಟರಮ್ಮ ಹೊರಗೆ ಬಂದು ಚಿಕ್ಕಮ್ಮನ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇಂಥ ಆಪರೇಷನ್ ಆದ ಕೆಲವರಿಗೆ ತಲೆ ಗೊಂದಲವಾಗುತ್ತದೆ, ಅತ್ತಿಗೆಯನ್ನೇ ಹೆಂಡತಿ ಅಂದುಕೊಂಡಿದ್ದಾರೆ ಎಂದು ಸಮಾಧಾನ ಮಾಡಿದರು. ಚಿಕ್ಕಮ್ಮ ಮುಖ ಮುಚ್ಚಿಕೊಂಡಳು. ಅಮ್ಮ ಗೋಡೆ ಕಡೆ ತಿರುಗಿದಳು. ಡಾಕ್ಟರಮ್ಮ ಅಮ್ಮನನ್ನು ಒಂದು ಥರ ನೋಡಿ ಹೋದರು.

ಇಲ್ಲಿಯವರೆಗೆ ನಗಬಹುದಿತ್ತು. ಗೊಂದಲವಾದ ರೋಗಿ ಕೊಳವೆ ಕಿತ್ತುಕೊಳ್ಳುತ್ತಾನೆಂದು ಅಪ್ಪನ ಕೈಗಳನ್ನು ಮಂಚಕ್ಕೆ ಕಟ್ಟಿದರು. ನಿದ್ದೆಯ ಇಂಜೆಕ್ಷನ್ ಕೊಟ್ಟರು. ಎಚ್ಚರವಾದಾಗ ಮತ್ತೆ ಹೆಸರು ಕೇಳಿದರು. ಅಪ್ಪ ನಿಜ ಹೇಳಿದ. ಮತ್ತೊಂದು ಇಂಜೆಕ್ಷನ್. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹೀಗೆ ನಾಲ್ಕು ಸಲ ಆಗಿತ್ತು. ನಿದ್ದೆಯಲ್ಲಿ ಉಸಿರು ತೆಳ್ಳಗಾ‌ಗುತ್ತಿದೆ, ಎದ್ದು ಕೂತು ಕೆಮ್ಮದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮೆದುಳಿನ ಸ್ಕ್ಯಾನ್ ಆಗಬೇಕು, ಇಲ್ಲಿನ ಯಂತ್ರ ಕೆಟ್ಟಿದೆ ಎಂದು ಡಾಕ್ಟರಮ್ಮ ಹೇಳಿದರು. ಗಾಜಿನಾಚೆ ಅಪ್ಪನ ಎದೆ ಏರುತ್ತಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ಒಂದೊಂದು ನಿಜಕ್ಕೂ ಅಪ್ಪ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿದ್ದ.

ಇವರಿಗೆ ತಲೆ ಸರಿಯಿದೆ, ಹೆಸರೇ ತಪ್ಪು ಎಂದು ಡಾಕ್ಟರಮ್ಮನಿಗೆ ಹೇಳಿಬಿಡುತ್ತೇನೆಂದು ನಾನು ಹೊರಟೆ. ಚಿಕ್ಕಪ್ಪ ನನ್ನ ಕಾಲು ಹಿಡಿದುಕೊಂಡ.

“ಬೇಡ ಮಗಾ. ವಾಲ್ವು ಸರ್ಕಾರದ್ದು. ಮೋಸ ಅಂತ ಗೊತ್ತಾದ್ರೆ ಜಪ್ತಿ ಮಾಡ್ತಾರೆ.”

ಹೃದಯದೊಳಗಿನದನ್ನು ಯಾರೂ ಜಪ್ತಿ ಮಾಡುವುದಿಲ್ಲ ಎಂದೆ. ಕಂತು ಕಟ್ಟದವರ ಆಟೋವನ್ನು ನಡುರಸ್ತೆಯಲ್ಲಿ ಇಳಿಸಿ ಒಯ್ಯುವುದಿಲ್ಲವೇ ಎಂದ. ನಗಲು ಹೋದೆ, ಆಗಲಿಲ್ಲ. ಕಡತದಲ್ಲಿ ಅಷ್ಟು ಬರೆದವರು ಜಪ್ತಿ ಎಂದೂ ಬರೆದಾರು ಎಂದು ನನಗೂ ಅನ್ನಿಸಿಬಿಟ್ಟಿತ್ತು.

ಗುರುವಾರ ಹನ್ನೊಂದಕ್ಕೆ ಸಮಿತಿ ಬಂತು. ಮುಂದೆ ನ್ಯಾಯಾಧೀಶರು, ಪಕ್ಕದಲ್ಲಿ ನರ್ಸಿಂಗ್ ಹೋಮಿನ ಒಡೆಯರು, ಹಿಂದೆ ಬೆವರುತ್ತ ಯೋಜನಾಧಿಕಾರಿ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಚಿಕ್ಕಪ್ಪನನ್ನು ನಾನು ಬಟ್ಟೆ ಒಗೆಯುವ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದೆ. ನ್ಯಾಯಾಧೀಶರ ಅಪ್ಪಣೆಯಂತೆ ಮನೆಯವರನ್ನೂ ಒಳಗೆ ಬಿಟ್ಟರು. ಚಿಕ್ಕಮ್ಮ ಮಂಚದ ಬಳಿ. ಅಮ್ಮ ಅತ್ತಿಗೆಯಾದ್ದರಿಂದ ಬಾಗಿಲ ಬಳಿ.

ಡಾಕ್ಟರಮ್ಮ ಪಟ್ಟಿ ಸರಿಸಿ ತೋರಿಸಿದರು. ಕತ್ತಿನ ಕುಳಿಯಿಂದ ಹೊಟ್ಟೆಯವರೆಗೆ ಒಂದು ನೇರ ಗೆರೆ. ಒಡೆಯರ ಮುಖ ಇಳಿಯಿತು. ಗಾಯ ಹಸಿಯಾಗಿದೆಯಲ್ಲ, ರೋಗಿ ಇನ್ನೂ ಇಲ್ಲೇ ಇದ್ದಾನಲ್ಲ ಎಂದರು. ಗುಣವಾದ ಮೇಲೂ ನಿಗಾದಲ್ಲಿಟ್ಟು ನೋಡಿಕೊಳ್ಳುತ್ತೇವೆ, ಸರ್ಕಾರಕ್ಕೆ ಅಷ್ಟು ಕಾಳಜಿ ಎಂದರು ಅಧಿಕಾರಿ. ಹಾಗಾದರೆ ಹೆಸರು ಕೇಳಿ ಎಂದರು ಒಡೆಯರು. ಡಾಕ್ಟರಮ್ಮ ಅಡ್ಡ ಬಂದರು. ರೋಗಿಗೆ ತಲೆ ಗೊಂದಲವಿದೆ, ಎಚ್ಚರವಾದಾಗಲೆಲ್ಲ ಅಣ್ಣನ ಹೆಸರು ಹೇಳುತ್ತಾರೆ, ಇವತ್ತೂ ತಪ್ಪು ಹೇಳಿದರೆ ಮತ್ತೆ ಮಲಗಿಸಬೇಕಾಗುತ್ತದೆ ಎಂದರು. ಅಣ್ಣನ ಹೆಸರೇ ಎಂದು ಒಡೆಯರ ಕಣ್ಣು ಮಿಂಚಿತು. ಅಧಿಕಾರಿ ಗೋಡೆ ಹಿಡಿದುಕೊಂಡರು. ಟ್ರೇನಲ್ಲಿ ಸಿರಿಂಜು ತುಂಬಿಟ್ಟಿತ್ತು.

ನ್ಯಾಯಾಧೀಶರು ಬಗ್ಗಿದರು. “ನಿಮ್ಮ ಹೆಸರೇನಪ್ಪಾ?”

ಅಪ್ಪ ಕಣ್ಣು ತೆರೆದ. ಕಟ್ಟಿದ ಕೈಗಳನ್ನು ನೋಡಿದ, ಸಿರಿಂಜು ನೋಡಿದ. ಆಮೇಲೆ ಎಲ್ಲರನ್ನೂ ದಾಟಿ ಬಾಗಿಲ ಬಳಿಗೆ ನೋಡಿದ. ಅಮ್ಮ ಏನೂ ಸನ್ನೆ ಮಾಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಎಣಿಸಿದೆ, ಹನ್ನೊಂದು ಸಲ.

ಅಪ್ಪ ಚಿಕ್ಕಪ್ಪನ ಹೆಸರು ಹೇಳಿದ. ಇನಿಷಿಯಲ್ ಸಮೇತ, ಬಿಡಿಸಿ ಬಿಡಿಸಿ.

ಹೆಂಡತಿ ಯಾರೆಂದರು. ಅಪ್ಪ ಬಾಗಿಲಿಂದ ಕಣ್ಣು ಕಿತ್ತು, ಚಿಕ್ಕಮ್ಮನ ಕಡೆ ತಲೆ ಆಡಿಸಿದ. ಡಾಕ್ಟರಮ್ಮ ಸಂತೋಷದಿಂದ ಕೈಕಟ್ಟು ಬಿಚ್ಚತೊಡಗಿದರು. ಒಡೆಯರು ಗಡಿಯಾರ ನೋಡಿಕೊಂಡರು.

“ಕೊನೇ ಪ್ರಶ್ನೆ,” ಎಂದರು ನ್ಯಾಯಾಧೀಶರು. “ಇದಕ್ಕೆಲ್ಲ ನಿಮಗೆ ಏನಾದ್ರೂ ಖರ್ಚು ಬಿತ್ತಾ?”

“ಈಗ ಕೊಟ್ನಲ್ಲ ಸ್ವಾಮಿ,” ಎಂದ ಅಪ್ಪ. “ಅಷ್ಟೇ.”

ನ್ಯಾಯಾಧೀಶರಿಗೆ ತಿಳಿಯಲಿಲ್ಲ. ಏನೂ ಇಲ್ಲ ಎನ್ನುತ್ತಿದ್ದಾರೆ ಸಾರ್ ಎಂದು ಅಧಿಕಾರಿ ಮುಂದೆ ಬಂದರು. ಗುಮಾಸ್ತ ಸೊನ್ನೆ ಬರೆದುಕೊಂಡ.

ಅವರೆಲ್ಲ ಹೋದ ಮೇಲೆ ಅಮ್ಮ ಮಂಚದ ಹತ್ತಿರಕ್ಕೆ ಎರಡು ಹೆಜ್ಜೆ ಇಟ್ಟಳು. ಹೆಂಡತಿ ಒಬ್ಬರಿಗೇ ಅವಕಾಶ, ಉಳಿದವರು ಹೊರಗೆ ಎಂದಳು ನರ್ಸ್. ಅಮ್ಮ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ನನಗೆ ಆ ಬೆಂಚನ್ನು ಎತ್ತಿ ಗಾಜಿಗೆ ಎಸೆಯಬೇಕು ಅನ್ನಿಸಿತು. ಮಂತ್ರಿ, ಒಡೆಯ, ಅಧಿಕಾರಿ, ಎಲ್ಲರ ಮೇಲೂ ಎಸೆಯಬೇಕು. ಮುಷ್ಟಿ ಬಿಗಿದು ನಿಂತಿದ್ದೆ. ಅಮ್ಮ ನನ್ನ ಅಂಗಿ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು.

“ಉಸಿರು ಹೇಗಿದೆ, ನೋಡ್ದ್ಯಾ?”

ನೋಡಿದೆ, ಸಲೀಸಾಗಿದೆ, ಎದೆ ಏರುವುದು ಇಲ್ಲಿಂದಲೇ ಕಾಣುತ್ತಿದೆ ಎಂದೆ.

“ಹಾಗಾದ್ರೆ ಯಾರಾದ್ರೂ ಆಗಿರ್ಲಿ ಬಿಡು,” ಎಂದಳು.